ಗುಂಡಿಯಂಚಿನ ಚಪ್ಪಲಿ

ದೀಪ ಸ್ವಲ್ಪ ಸಣ್ಣಗೆ ಮಾಡಿ. ಬಾಗಿಲು ಹಾಕಿದೆಯಾ ನೋಡಿ... ಸರಿ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರುವುದಿಲ್ಲ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಗೋಡೆಗೆ ಅಂಟಿಕೊಂಡ ಪಕ್ಕದ ಮನೆಯಲ್ಲೇ ನಡೆದದ್ದು. ಅವರ ಮನೆಯಲ್ಲಿ ಲೋಟ ಬಿದ್ದರೆ ನಮ್ಮ ಮನೆಯಲ್ಲಿ ಕೇಳಿಸುತ್ತದೆ, ಅಷ್ಟು ಹತ್ತಿರ.

ಆ ಮನೆಯ ಯಜಮಾನನನ್ನು ಎಲ್ಲರೂ ಚಾವಿಯಣ್ಣ ಎಂದೇ ಕರೆಯುತ್ತಾರೆ. ನೀರು ಸರಬರಾಜಿನ ಕೆಲಸ. ರಸ್ತೆಯ ಕೆಳಗೆ ಹೋಗುವ ದೊಡ್ಡ ಪೈಪುಗಳಿಗೆ ಅಲ್ಲಲ್ಲಿ ವಾಲ್ವ್ ಇರುತ್ತದಲ್ಲ, ಅದನ್ನು ತಿರುಗಿಸಿ ನೀರು ನಿಲ್ಲಿಸುವುದು, ಬಿಡುವುದು. ಅದಕ್ಕೊಂದು ಕಬ್ಬಿಣದ ಚಾವಿ, ಆಳೆತ್ತರದ್ದು, ಮೇಲೊಂದು ಅಡ್ಡ ಹಿಡಿಕೆ. ಅದನ್ನು ಹೆಗಲಿಗೇರಿಸಿ ಹೊರಟರೆ, "ಯಾವ ಕೋಟೆ ಬಾಗಿಲು ತೆಗೆಯೋಕೆ ಹೊರಟೆ ಮಾರಾಯಾ?" ಎಂದು ಬೀದಿಯವರು ಕಾಲೆಳೆಯುತ್ತಿದ್ದರು. ಅವನೂ ನಗುತ್ತಿದ್ದ. ಮೊದಲೆಲ್ಲ.

ಒಂದು ರಾತ್ರಿ ಅವನು ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ. ನಮ್ಮ ಬೀದಿಗೆ ತಿರುಗುವ ಮೂಲೆಯಲ್ಲಿ ಹಳೆಯ ಬಾವಿ ಇದೆ, ನೋಡಿದ್ದೀರಿ. ನೀರಿದೆ, ಸೇದುವವರಿಲ್ಲ. ತುಕ್ಕು ಹಿಡಿದ ರಾಟೆ, ಒಂದು ಸೊಟ್ಟ ಬಕೆಟ್. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬಾವಿಯ ಹತ್ತಿರ ಬರುವಾಗ ಸದ್ದು ಕೇಳಿತು.

ಸರ್... ಸರ್... ಸರ್...

ಯಾರೋ ಕಲ್ಲಿನ ಮೇಲೆ ಏನನ್ನೋ ತಿಕ್ಕುತ್ತಿರುವ ಹಾಗೆ. ನಡುವೆ ಚಳಕ್ ಎಂದು ನೀರು ಹೊಯ್ದ ಸದ್ದು. ಮತ್ತೆ ತಿಕ್ಕುವುದು. ಇಷ್ಟು ಹೊತ್ತಿನಲ್ಲಿ ಯಾರಪ್ಪಾ ಬಾವಿಕಟ್ಟೆಯಲ್ಲಿ...

"ಯಾರದು?" ಎಂದ. ಪಿಸುಮಾತಷ್ಟೇ. 

ಸದ್ದು ನಿಂತಿತು. ಟಾರ್ಚ್ ಬಿಟ್ಟು ನೋಡಿದ. ಕಟ್ಟೆ ಖಾಲಿ. ಕಲ್ಲು ಒಣಗಿತ್ತು, ಬಕೆಟ್ಟೂ ಒಣಗಿತ್ತು. ಟಾರ್ಚ್ ಆರಿಸಿ ಮುಂದಕ್ಕೆ ಹೆಜ್ಜೆ ಹಾಕಿದ. ಆಗ ಹಿಂದಿನಿಂದ...

ಚಪ್... ಸರಕ್. ಚಪ್... ಸರಕ್.

ಒದ್ದೆ ಚಪ್ಪಲಿಯ ಸದ್ದು. ಒಂದು ಕಾಲು ಸರಿಯಾಗಿ ಬೀಳುತ್ತದೆ, ಇನ್ನೊಂದು ನೆಲಕ್ಕೆ ಎಳೆಯುತ್ತದೆ. ಉಂಗುಷ್ಠ ಕಿತ್ತುಹೋಗಿ ತಂತಿ ಸುತ್ತಿ ಬಿಗಿದ ಚಪ್ಪಲಿ ಹಾಕಿಕೊಂಡರೆ ಹಾಗೆ ಎಳೆಯುತ್ತದೆ. ಚಾವಿಯಣ್ಣ ತಿರುಗಿ ನೋಡಲಿಲ್ಲ. ಆ ನಡಿಗೆ ಯಾರದು ಎಂದು ಅವನಿಗೆ ಗೊತ್ತಿತ್ತು. ಹೆದರಿಕೆಗಿಂತ ಸಂಕಟವೇ ಹೆಚ್ಚಾಯಿತಂತೆ. ತಿರುಗಿದರೆ ಆ ಮುಖಕ್ಕೆ ಏನು ಉತ್ತರ ಕೊಡುವುದು? ತಲೆ ತಗ್ಗಿಸಿಕೊಂಡು ಸರಸರ ನಡೆದ. ಅವನ ಮನೆಯ ಮೆಟ್ಟಿಲ ತನಕ ಆ ಹೆಜ್ಜೆ ಬಂತು. ಮೆಟ್ಟಿಲ ಹತ್ತಿರ ನಿಂತಿತು.

ಅದು ಅವನ ಬಾಮೈದನ ನಡಿಗೆ. ಹೆಂಡತಿಯ ತಮ್ಮ. ಸತ್ತು ವರ್ಷ ಕಳೆದಿತ್ತು.

ಅವನ ಕತೆ ಹೇಳದೆ ಮುಂದಿನದು ಹೇಳಿದರೆ ನಿಮಗೆ ಬುಡ ತುದಿ ಗೊತ್ತಾಗುವುದಿಲ್ಲ. ಅವನು ಅದೇ ಇಲಾಖೆಯಲ್ಲಿ ಫಿಟ್ಟರ್. ಯಾವ ಇಕ್ಕಟ್ಟಿನ ಗುಂಡಿಗಾದರೂ ಸಲೀಸಾಗಿ ಇಳಿದುಬಿಡುತ್ತಿದ್ದ, ಅದಕ್ಕೆ ಹೆಗ್ಗಣ ಎಂದು ಹೆಸರಿಟ್ಟಿದ್ದರು. "ಹೌದಪ್ಪಾ ಹೆಗ್ಗಣಾನೇ, ನಿಮ್ಮ ಮನೆಗೆ ನೀರು ಬರೋದು ಈ ಹೆಗ್ಗಣದಿಂದಲೇ" ಎನ್ನುತ್ತಿದ್ದ. ತಾಯಿ ಬೇಗ ತೀರಿಕೊಂಡಿದ್ದರಿಂದ ಅಕ್ಕನೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮದುವೆಯಾಗಿ ಬರುವಾಗ ಜೊತೆಗೇ ಕರೆದುಕೊಂಡು ಬಂದಳು. ಚಾವಿಯಣ್ಣನೇ ಅವನನ್ನು ಕೆಲಸಕ್ಕೆ ಸೇರಿಸಿದ್ದು. ಭಾವ ಮೇಲೆ ವಾಲ್ವಿನಲ್ಲಿ, ಬಾಮೈದ ಕೆಳಗೆ ಗುಂಡಿಯಲ್ಲಿ. ಜೋಡಿ ಹಾಗಿತ್ತು.

ಗುಂಡಿಗೆ ಇಳಿಯುವವರಲ್ಲಿ ಒಂದು ರೂಢಿ. ಇಳಿಯುವ ಮುಂಚೆ ಚಪ್ಪಲಿ ಕಳಚಿ ಗುಂಡಿಯ ಅಂಚಿನಲ್ಲಿ ಬಿಡಬೇಕು. ಮೇಲೆ ಬಂದವನು ಮೆಟ್ಟಿಕೊಂಡು ಹೋಗಬೇಕು. ಅಂಚಿನಲ್ಲಿ ಚಪ್ಪಲಿ ಇದೆ ಎಂದರೆ ಒಳಗೆ ಜೀವ ಇದೆ. ವಾಲ್ವಿನವನು ನೀರು ಬಿಡುವ ಮುಂಚೆ ಬಂದು ಚಪ್ಪಲಿ ನೋಡಬೇಕು. ಇದ್ದರೆ ಸುತ್ತು ತಿರುಗಿಸುವ ಹಾಗಿಲ್ಲ, ಸಾಹೇಬರೇ ಬಂದು ಹೇಳಿದರೂ ಇಲ್ಲ. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಇನ್ನೊಂದು ರೂಢಿಯೂ ಇತ್ತು. ಗುಂಡಿಯ ಮಾತು ಮನೆಗೆ ತರಬಾರದು. ಹೆಂಗಸರು ಹೆದರುತ್ತಾರೆ, ನಿದ್ದೆ ಮಾಡುವುದಿಲ್ಲ ಎಂದು. ಹಾಗಾಗಿ ಚಪ್ಪಲಿಯ ವಿಷಯ ಯಾವ ಮನೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಹೆಗ್ಗಣ ಸತ್ತ ರಾತ್ರಿ ಪೈಪ್ ಒಡೆದದ್ದು ಇಲ್ಲೇ, ಬಾವಿಯ ಆಚೆಗಿನ ಬೀದಿಯಲ್ಲಿ. ಹೆಗ್ಗಣ ಚಪ್ಪಲಿ ಬಿಟ್ಟು ಇಳಿದ. ಗುಂಡಿ ಆಳ, ಮಣ್ಣು ಸಡಿಲ, ಗೋಡೆಗೆ ಆನಿಸುವ ಹಲಗೆ ಬಂದಿರಲಿಲ್ಲ. ನೀರು ಎತ್ತುವ ಪಂಪು ಪಕ್ಕದಲ್ಲೇ ಭರ್ರ್ ಎಂದು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿತ್ತು. ಕೆಲಸ ಮುಗಿಯುತ್ತಾ ಬಂತು ಎಂದು ಉಳಿದವರು ಚಹಾಕ್ಕೆ ಹೋದರು. ಚಾವಿಯಣ್ಣ ವಾಲ್ವಿನ ಹತ್ತಿರದಿಂದ ನಡೆದು ಬಂದು ರಸ್ತೆಯ ತಿರುವಿನಲ್ಲಿ ನಿಂತು ಟಾರ್ಚ್ ಬಿಟ್ಟ. ಅಂಚಿನಲ್ಲಿ ಚಪ್ಪಲಿ ಇರಲಿಲ್ಲ. ಒಂದು ಸಲ ಕೂಗಿದ. ಉತ್ತರವಿಲ್ಲ. ಇವನೂ ಚಹಾಕ್ಕೆ ಹೋಗಿದ್ದಾನೆ ಎಂದುಕೊಂಡ. ಹಿಂದಕ್ಕೆ ಹೋಗಿ ವಾಲ್ವ್ ತಿರುಗಿಸಿದ. ಚಪ್ಪಲಿ ಇದೆಯಾ ಎಂದಷ್ಟೇ ನೋಡಿದ, ಇನ್ನು ಹತ್ತು ಹೆಜ್ಜೆ ಹೋಗಿ ಮನುಷ್ಯನನ್ನು ನೋಡಲಿಲ್ಲ.

ಹೆಗ್ಗಣ ಒಳಗೇ ಇದ್ದ. ಕೊನೆಯ ಬೋಲ್ಟ್ ಬಿಗಿಯುತ್ತಿದ್ದ. ಬಿಗಿಯದ ಜೋಡಣೆಯಿಂದ ನೀರು ನುಗ್ಗಿತು, ಅದರ ಹಿಂದೆಯೇ ಗೋಡೆ ಕುಸಿದು ಬಿತ್ತು. ತೆಗೆಯುವ ಹೊತ್ತಿಗೆ... ಬಿಡಿ. ಅದನ್ನು ನಾನು ಹೇಳುವುದಿಲ್ಲ.

ಚಪ್ಪಲಿ ಎಲ್ಲಿ ಹೋಯಿತು? ಅದು ಮಾತ್ರ ಯಾರಿಗೂ ತಿಳಿಯಲಿಲ್ಲ. ಮಣ್ಣಿನಲ್ಲಿ ಹುಡುಕಿದರು, ಸಿಗಲಿಲ್ಲ. ನಾಯಿ ಎಳೆದುಕೊಂಡು ಹೋಗಿರಬೇಕು ಎಂದರು. ಚಾವಿಯಣ್ಣ ಬೇಕೆಂದೇ ಮಾಡಿದ್ದಲ್ಲ ಎಂದು ಇಲಾಖೆಯೂ ಹೇಳಿತು, ಬೀದಿಯೂ ಹೇಳಿತು. ಹೇಳದವಳು ಒಬ್ಬಳೇ. ಅವನ ಹೆಂಡತಿ.

ಅಕ್ಕನ ಬಾಯಿಗೆ ಅಂದಿನಿಂದ ಬೀಗ ಬಿತ್ತು. ಬಡಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುತ್ತಾಳೆ. ಮಾತು ಮಾತ್ರ ಇಲ್ಲ. ತೀರಾ ಬೇಕಾದರೆ "ಊಟ" ಎನ್ನುತ್ತಾಳೆ, ಗೋಡೆ ನೋಡಿಕೊಂಡು. ಹೊಡೆದಿದ್ದರೆ, ಬೈದಿದ್ದರೆ, ತಮ್ಮನನ್ನು ಕೊಂದೆಯಲ್ಲೋ ಎಂದು ಕೊರಳಪಟ್ಟಿ ಹಿಡಿದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಈ ಮೌನ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಮೊದಲು ನಮ್ಮ ಗೋಡೆಯ ಆಚೆಯಿಂದ ಮೂವರ ನಗು ಕೇಳುತ್ತಿತ್ತು. ಆಮೇಲೆ ಬರೀ ಪಾತ್ರೆಯ ಸದ್ದು.

ಆಗಲೇ ಹೇಳಿದ ಆ ರಾತ್ರಿ ಬಾವಿಯ ಹತ್ತಿರ ಸದ್ದು ಕೇಳಿದ್ದು ಅವನಿಗೆ ಮೊದಲ ಸಲವಲ್ಲ. ತಿಂಗಳಿಂದ ಕೇಳುತ್ತಿದ್ದ, ಬಾಯಿಬಿಟ್ಟು ಯಾರದು ಎಂದದ್ದು ಮಾತ್ರ ಅಂದೇ ಮೊದಲು. ಹೇಳುವುದು ಯಾರಿಗೆ? ಅಂದೂ ಕೈಕಾಲು ತೊಳೆದು ಸುಮ್ಮನೆ ಊಟಕ್ಕೆ ಕೂತ. ಅಕ್ಕ ತಟ್ಟೆ ಇಟ್ಟಳು. ಎರಡು ತುತ್ತು ಇಳಿಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮೇಸ್ತ್ರಿ.

"ದೊಡ್ಡ ಪೈಪೇ ಒಡೆದಿದೆ ಕಣೋ. ರಸ್ತೆ ಮೇಲೆ ಹೊಳೆ ಹರೀತಿದೆ. ಚಾವಿ ತಗೊಂಡು ಬಾ."

ಅವನು ಎದ್ದ. ಅಕ್ಕ ಬಾಗಿಲ ತನಕ ಬಂದಳು. ತುಟಿ ಅಲುಗಿದ ಹಾಗಾಯಿತು. ಒಂದು ಗಳಿಗೆ ಕಾದ. ಏನೂ ಬರಲಿಲ್ಲ. ಚಾವಿ ಹೊತ್ತು ನಡೆದ.

ಹೆಗ್ಗಣ ಹೋದ ಮೇಲೆ ಇಲಾಖೆಯಲ್ಲಿ ಎಲ್ಲ ಬದಲಾಗಿತ್ತು. ಮೊಣಕಾಲಿನ ತನಕ ಬರುವ ಬೂಟು ಕೊಟ್ಟಿದ್ದರು, ತಲೆಗೆ ಟೋಪಿ. ಮಣ್ಣು ಗುಂಡಿಯ ಅಂಚಿಗೆ ಸುರಿಯಬಾರದು, ದೂರ ಹಾಕಬೇಕು. ಎರಡೂ ಗೋಡೆಗೆ ಹಲಗೆ ನಿಲ್ಲಿಸಿ ನಡುವೆ ಆಸರೆ ಕೊಡಬೇಕು. ಎಲ್ಲರೂ ಮೇಲೆ ಬಂದ ಮೇಲೆ ಮೇಸ್ತ್ರಿ ಉದ್ದಕ್ಕೆ ಶಿಳ್ಳೆ ಹಾಕಬೇಕು, ಆಗ ನೀರು. ಬೂಟು ಬಂದ ಮೇಲೆ ಅಂಚಿನಲ್ಲಿ ಬಿಡಲು ಚಪ್ಪಲಿಯೇ ಇಲ್ಲವಲ್ಲ, ಆ ರೂಢಿ ತಾನಾಗಿ ನಿಂತುಹೋಯಿತು. ನಿಯಮ ಒಳ್ಳೆಯದೇ. ಪಾಲಿಸಬೇಕಾದವನು ಮೇಸ್ತ್ರಿ.

ಅವತ್ತು ಮೇಸ್ತ್ರಿಗೆ ಮೈಮೇಲೆ ಬೆಂಕಿ ಬಿದ್ದ ಹಾಗಿತ್ತು. "ಬೇಗ ಬೇಗ! ಬೆಳಗ್ಗೆ ನಲ್ಲೀಲಿ ನೀರು ಬರದಿದ್ರೆ ಜನ ನನ್ನ ಹುರಿದು ತಿಂತಾರೆ!" ಎಂದು ಕುಣಿಯುತ್ತಿದ್ದ. ಅಗೆದ ಮಣ್ಣೆಲ್ಲ ಅಂಚಿಗೇ ರಾಶಿ ಬಿದ್ದಿತ್ತು. ಹಲಗೆ ಮಾತ್ರ ಹಾಕಿಸಿದ್ದ, ಅಷ್ಟಾದರೂ ಪುಣ್ಯ. ಒಳಗೆ ಹೊಸ ಫಿಟ್ಟರ್, ಮದುವೆಯಾಗಿ ಇನ್ನೂ ವರ್ಷ ಆಗದವನು. ಬಂದ ಕೂಡಲೇ ವಾಲ್ವ್ ಮುಚ್ಚಿದ್ದ ಚಾವಿಯಣ್ಣ, ಕೆಲಸ ಮುಗಿಯುತ್ತಾ ಬಂದಾಗ ಗುಂಡಿಗೆ ಬಗ್ಗಿ ನೋಡಿದ.

"ಹುಷಾರಪ್ಪಾ."

"ಆಯ್ತಣ್ಣಾ. ಇನ್ನೊಂದು ಸ್ವಲ್ಪ, ಅಷ್ಟೇ."

ಚಾವಿಯಣ್ಣ ವಾಲ್ವಿನ ಕಡೆ ಹೊರಟ. ಅದು ರಸ್ತೆಯ ತಿರುವಿನ ಆಚೆ, ಗುಂಡಿ ಅಲ್ಲಿಂದ ಕಾಣುವುದಿಲ್ಲ. ದೀಪದ ಕಂಬವೂ ಇಲ್ಲ. ವಾಲ್ವಿನ ಮುಚ್ಚಳದ ಪಕ್ಕ ಕುಕ್ಕುರುಗಾಲಲ್ಲಿ ಕೂತ. ಪೈಪಿನೊಳಗೆ ಉಳಿದ ನೀರು ಎಲ್ಲೋ ಟಿಣ್... ಟಿಣ್... ಎಂದು ತೊಟ್ಟಿಕ್ಕುತ್ತಿತ್ತು. ಕಾದ. ಚಳಿ ಹತ್ತಿತು. ಕಾದ...

ಪೀ...ಈ...ಈ...

ಉದ್ದದ ಶಿಳ್ಳೆ. ಎಲ್ಲರೂ ಮೇಲೆ ಬಂದರು.

ಎದ್ದು ಚಾವಿ ಇಳಿಸಿದ. ಕೆಳಗೆ ವಾಲ್ವಿನ ತಲೆಗೆ ಟಕ್ ಎಂದು ಕೂತಿತು. ಹಿಡಿಕೆಗೆ ಎರಡೂ ಕೈ ಕೊಟ್ಟ. ಮೈಭಾರ ಬಿಡಬೇಕು, ಅಷ್ಟೇ. ಆಗ...

ಚಪ್... ಸರಕ್.

ತೀರಾ ಹತ್ತಿರ. ಪಕ್ಕದಲ್ಲೇ.

ಮೈಯೆಲ್ಲ ಮುಳ್ಳೆದ್ದಿತು. ಮೆಲ್ಲಗೆ ಟಾರ್ಚ್ ಒತ್ತಿದ. ವಾಲ್ವಿನ ಗುಂಡಿಯ ಅಂಚಿನಲ್ಲಿ ಒಂದು ಜೊತೆ ಚಪ್ಪಲಿ. ಒಂದರ ಪಕ್ಕ ಒಂದು, ನೀಟಾಗಿ ಬಿಟ್ಟದ್ದು. ಈಗಷ್ಟೇ ತೊಳೆದ ಹಾಗೆ ನೀರು ಸುರಿಯುತ್ತಿತ್ತು. ಎಡಗಾಲಿನ ಉಂಗುಷ್ಠಕ್ಕೆ ನೀಲಿ ತಂತಿ ಸುತ್ತಿತ್ತು.

ಆ ತಂತಿ ಸುತ್ತಿದವಳು ಅಕ್ಕ. ಹೊಸದು ತಗೋ ಎಂದರೆ ಕೇಳದ ತಮ್ಮನಿಗೆ ಬೈಯುತ್ತಾ, ಜಗಲಿಯಲ್ಲಿ ಕೂತು ಸುತ್ತಿದ್ದಳು. ಚಾವಿಯಣ್ಣ ಪಕ್ಕದಲ್ಲೇ ಕೂತು ಇಕ್ಕಳ ಹಿಡಿದುಕೊಟ್ಟಿದ್ದ.

"ಹೆಗ್ಗಣಾ..." ಎಂದ ಚಾವಿಯಣ್ಣ. ಪಿಸುಗುಟ್ಟಿದ ಅಷ್ಟೇ.

 ಪೈಪಿನಲ್ಲಿ ನೀರು ತೊಟ್ಟಿಕ್ಕುವುದು ನಿಂತಿತ್ತು. ಆಚೆಯಿಂದ ಮೇಸ್ತ್ರಿ ಮತ್ತೊಂದು ಶಿಳ್ಳೆ ಹಾಕಿದ, ಏನೋ ಇವನಿಗೆ ನಿದ್ದೆ ಬಂತಾ ಎನ್ನುವ ಹಾಗೆ. ಚಾವಿಯಣ್ಣ ಕೈ ತೆಗೆದ. ಅಂಚಿನಲ್ಲಿ ಚಪ್ಪಲಿ ಇದ್ದರೆ ಸುತ್ತು ತಿರುಗಿಸುವ ಹಾಗಿಲ್ಲ. ಬದುಕಿದವನದೋ ಸತ್ತವನದೋ, ಚಪ್ಪಲಿ ಚಪ್ಪಲಿಯೇ. ಚಾವಿಯನ್ನು ಮೇಲಕ್ಕೆಳೆದು ಹೆಗಲಿಗೆ ಹಾಕಿಕೊಂಡು ಗುಂಡಿಯ ಕಡೆ ಓಡಿದ.

ಮೇಸ್ತ್ರಿ ಸಿಡಿಮಿಡಿಗೊಂಡ. "ಶಿಳ್ಳೆ ಕೇಳಲಿಲ್ವೇನಯ್ಯಾ? ಎರಡು ಸಲ ಊದಿದೀನಿ!"

"ಫಿಟ್ಟರ್ ಎಲ್ಲಿ?"

"ಮೇಲೆ ಬಂದಾಯ್ತು. ಇಲ್ಲೇ ಎಲ್ಲೋ..." ಮೇಸ್ತ್ರಿ ಸುತ್ತ ನೋಡಿದ. ಮಾತು ಅರ್ಧಕ್ಕೆ ನಿಂತಿತು.

ಹೊಸ ಫಿಟ್ಟರ್ ಮೇಲೆ ಬಂದದ್ದು ನಿಜ. ಬಂದವನಿಗೆ ಸ್ಪ್ಯಾನರ್ ಒಳಗೇ ಮರೆತದ್ದು ನೆನಪಾಗಿತ್ತು. ಕಳೆದರೆ ಉಗಿಸಿಕೊಳ್ಳಬೇಕು ಎಂದು ಯಾರಿಗೂ ಹೇಳದೆ ಮತ್ತೆ ಇಳಿದಿದ್ದ. ಮೇಸ್ತ್ರಿ ಅಷ್ಟು ಹೊತ್ತಿಗೆ ಬೆನ್ನು ತಿರುಗಿಸಿ ಶಿಳ್ಳೆ ಊದುತ್ತಿದ್ದ. ಆಳುಗಳು ಆಚೆ ತುದಿಯಿಂದ ಆಸರೆ ಬಿಚ್ಚಿ ಹಲಗೆ ಎಳೆದು ಗಾಡಿಗೆ ಹಾಕುತ್ತಿದ್ದರು. ಚಾವಿಯಣ್ಣ ಗುಂಡಿಗೆ ಬಗ್ಗಿ ಟಾರ್ಚ್ ಬಿಟ್ಟ. ಕೆಳಗಿನಿಂದ ಫಿಟ್ಟರ್ ತಲೆಯೆತ್ತಿ ನೋಡಿ, ಸ್ಪ್ಯಾನರ್ ತೋರಿಸಿ ನಕ್ಕ.

"ಸಿಕ್ತಣ್ಣಾ!"

ಧಸಕ್.

ಅಂಚಿನ ರಾಶಿ, ಅದರ ಕೆಳಗಿನ ಗೋಡೆ, ಎರಡೂ ಒಟ್ಟಿಗೆ ಜಾರಿದವು. ಎದೆಯ ತನಕ ಮಣ್ಣು. ಅವನ ಬಾಯಿ ತೆರೆದಿತ್ತು, ಕೂಗು ಬರಲಿಲ್ಲ. ಎಲ್ಲರೂ ಮುಗಿಬಿದ್ದರು. ಚಾವಿಯಣ್ಣ ಅವರನ್ನು ತಡೆದು ಮೊದಲು ಹಲಗೆ ಮತ್ತೆ ನಿಲ್ಲಿಸಿದ, ಆಮೇಲೆ ತಾನೇ ಇಳಿದ. ಗುದ್ದಲಿ ಆಡಿಸುವ ಹಾಗಿಲ್ಲ, ಕೈಯಲ್ಲೇ ತೋಡಿದರು. ಉಗುರು ಕಿತ್ತು ರಕ್ತ ಬಂತು. ಕೊನೆಗೂ ಅವನನ್ನು ಎಳೆದು ರಸ್ತೆಯ ಮೇಲೆ ಮಲಗಿಸಿದಾಗ ಉಸಿರಿತ್ತು. ಪಕ್ಕೆಲುಬು ಮುರಿದಿತ್ತು, ಉಸಿರಿತ್ತು. ಆ ಹೊತ್ತಿಗೆ ಪೈಪಿನಲ್ಲಿ ನೀರೂ ಬಂದಿದ್ದರೆ... ಮೇಸ್ತ್ರಿ ರಸ್ತೆಯಲ್ಲೇ ಕೂತು ಅತ್ತ. ನೀನು ಯಾಕೆ ತಿರುಗಿಸಲಿಲ್ಲ ಎಂದು ಕೇಳಿದ. 

ಚಾವಿಯಣ್ಣ ವಾಲ್ವಿನ ಹತ್ತಿರ ಮತ್ತೆ ಹೋಗಿ ನೋಡಿದ. ಚಪ್ಪಲಿ ಇರಲಿಲ್ಲ. ಎರಡು ಒದ್ದೆ ಗುರುತು ಇತ್ತು, ಅಷ್ಟೇ.

ಮನೆಗೆ ಬಂದಾಗ ಇನ್ನೂ ಕತ್ತಲೆ. ಬಾವಿಯ ಹತ್ತಿರ ಯಾವ ಸದ್ದೂ ಇರಲಿಲ್ಲ. ಅಕ್ಕ ದೀಪ ಹಚ್ಚಿಕೊಂಡು ಕೂತೇ ಇದ್ದಳು. ಗಂಡನ ಕೈಯ ರಕ್ತ ನೋಡಿ ನೀರು ತಂದಳು. ಅವನು ಗೋಡೆಗೆ ಒರಗಿ ಕೂತು, ಅವಳ ಮುಖ ನೋಡದೆ ಎಲ್ಲ ಹೇಳಿದ. ಅಂದು ಮೊದಲ ಸಲ ಗುಂಡಿಯ ಮಾತು ಮನೆಗೆ ತಂದ. ಶಿಳ್ಳೆ, ಸ್ಪ್ಯಾನರ್, ಮಣ್ಣು. ಕೊನೆಗೆ ಅದನ್ನೂ ಹೇಳಿದ.

"ಅವನ ಚಪ್ಪಲಿ ಇತ್ತು ಕಣೇ. ನೀಲಿ ತಂತಿ ಸುತ್ತಿದ್ದು. ಆಗತಾನೆ ತೊಳೆದ ಹಾಗೆ ಒದ್ದೆ. ನಂಬಿದ್ರೆ ನಂಬು, ಬಿಟ್ರೆ ಬಿಡು..."

ಅಕ್ಕನ ಕೈಯಿಂದ ಚೊಂಬು ಬಿತ್ತು. ಆ ಸದ್ದಿಗೆ ನಮ್ಮ ಮನೆಯಲ್ಲಿ ನನಗೂ ಎಚ್ಚರವಾಯಿತು. ಆಮೇಲೆ ಗೋಡೆಯ ಆಚೆ ಒಂದು ದನಿ. ಯಾರದು ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಅಷ್ಟು ದಿನವಾಗಿತ್ತು ಆ ದನಿ ಕೇಳಿ.

"ನಾನೇ ಎತ್ಕೊಂಡದ್ದು."

"ಏನು?"

"ಅವತ್ತು... ಚಪ್ಪಲಿ. ನಾನೇ ರೀ."

ಆ ರಾತ್ರಿ ತಮ್ಮ ಮಧ್ಯಾಹ್ನದಿಂದ ಉಂಡಿಲ್ಲ ಎಂದು ಅಕ್ಕ ಬುತ್ತಿ ಕಟ್ಟಿಕೊಂಡು ಹೋಗಿದ್ದಳು. ಪಂಪಿನ ಅಬ್ಬರದಲ್ಲಿ ಅವನನ್ನು ಕೂಗಲಾಗಲಿಲ್ಲ. ಅಂಚಿನಲ್ಲಿ ಚಪ್ಪಲಿ ಕಂಡಿತು, ಕೆಸರು ಮೆತ್ತಿಕೊಂಡು ಇನ್ನೇನು ಒಳಗೆ ಜಾರುವ ಹಾಗಿತ್ತು. ಅಯ್ಯೋ, ಬರಿಗಾಲಲ್ಲಿ ಮನೆಗೆ ಬರ್ತಾನಲ್ಲಾ ಎನ್ನಿಸಿತು. ನಲ್ಲಿಯಲ್ಲಿ ನೀರಿಲ್ಲ, ಪೈಪೇ ಒಡೆದಿದೆ. ಅದಕ್ಕೆ ಬಾವಿಕಟ್ಟೆಗೆ ಒಯ್ದಳು. ಬಕೆಟ್ ಇಳಿಸಿ ನೀರು ಸೇದಿದಳು. ಕಲ್ಲಿನ ಮೇಲಿಟ್ಟು ತಿಕ್ಕಿ ತೊಳೆಯುತ್ತಿದ್ದಳು. ಆಗ ಆ ಬೀದಿಯಿಂದ ಕೂಗು ಕೇಳಿಸಿತು.

"ಮೂರನೇ ದಿನ ನಿಮ್ಮ ಕೆಲಸದವರು ಜಗಲೀಲಿ ಕೂತು ಮಾತಾಡ್ತಿದ್ರು. ಚಪ್ಪಲಿ ಇರಲಿಲ್ಲ, ಅದಕ್ಕೇ ನೀರು ಬಿಟ್ಟ ಅಂತ. ಆಗ ಗೊತ್ತಾಯ್ತು ನಂಗೆ. ಅವನನ್ನ ಎತ್ತಿ ಆಡಿಸಿದ ಕೈ ರೀ ಇದು... ನೀರು ಬಿಟ್ಟೋರು ನೀವು ಅಂತಾನೇ ಎಲ್ಲ ಅಂತಿದ್ರು. ನಾನು ಅಂತ ಹೇಳೋಕೆ ಬಾಯಿ ತೆಗೆದ್ರೆ ದನೀನೇ ಬರ್ತಿರಲಿಲ್ಲ. ಅದು ಬರದೇ ಇದ್ರೆ ಬೇರೆ ಯಾವ ಮಾತು ಆಡಲಿ ನಾನು ನಿಮ್ಮ ಹತ್ರ?"

 ಚಾವಿಯಣ್ಣ ಅವಳು ತನ್ನನ್ನು ದ್ವೇಷಿಸುತ್ತಾಳೆ ಎಂದುಕೊಂಡೇ ಅಷ್ಟು ದಿನ ಬದುಕಿದ್ದನಲ್ಲ. ಅವನ ದನಿ ಒಡೆಯಿತು.

"ಆ ರೂಢಿ ನಿಂಗೆ ಹೇಳಿದೋರು ಯಾರು? ನಾನು ಹೇಳಿದ್ನಾ? ಅವನು ಹೇಳಿದ್ನಾ? ಹೆದರ್ತೀಯ ಅಂತ ಮುಚ್ಚಿಟ್ವಿ. ನಿಂದೇನಿದೆ ಇದರಲ್ಲಿ..."

ಇಬ್ಬರೂ ಅತ್ತರು. ಗೋಡೆಯ ಈಚೆ ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಅಕ್ಕ ಎದ್ದು ಟ್ರಂಕು ತೆಗೆದಳು. ಬಟ್ಟೆಗಳ ತಳದಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದಳು. ಅಂದೇ ಒಣಗಿಸಿ, ಸುತ್ತಿ, ಬೀಗ ಹಾಕಿದ್ದು. ಬೀಗದ ಕೈ ಅವಳ ಹತ್ತಿರವೇ ಇರುತ್ತಿತ್ತು. ಟವೆಲ್ ಬಿಚ್ಚಿದಳು. ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಎಲ್ಲ ಒಣಗಿತ್ತು. ಆ ಟವೆಲ್ ಮಾತ್ರ ಹಿಂಡಿದರೆ ನೀರು ಬರುವಷ್ಟು ಒದ್ದೆ. ಚಪ್ಪಲಿಯ ಅಡಿಯಲ್ಲಿ ಹಸಿ ಕೆಂಪು ಮಣ್ಣು. ನಮ್ಮ ಕಡೆ ಮಣ್ಣು ಕಪ್ಪು. ಕೆಂಪು ಮಣ್ಣು ಸಿಗುವುದು ಅವನು ಈಗಷ್ಟೇ ಫಿಟ್ಟರನ್ನು ಎಳೆದು ತೆಗೆದು ಬಂದ ಕಡೆ.

ಈಗ ಆ ಚಪ್ಪಲಿಯನ್ನು ಟ್ರಂಕಿನಲ್ಲಿ ಇಡುವುದಿಲ್ಲ. ಬಾಗಿಲ ಹೊರಗೆ, ಚಾವಿಯ ಪಕ್ಕ ಇರುತ್ತದೆ. ಯಾರೂ ಮೆಟ್ಟುವುದಿಲ್ಲ. ಚಾವಿಯಣ್ಣ ಈಗ ಶಿಳ್ಳೆ ಕೇಳಿದರೂ ಗುಂಡಿಯ ತನಕ ನಡೆದು ಹೋಗಿ, ಒಳಗೆ ಇಣುಕಿ, ಮೇಲೆ ನಿಂತ ಒಬ್ಬೊಬ್ಬರ ಮುಖ ನೋಡಿಯೇ ನೀರು ಬಿಡುವುದು. ಮೇಸ್ತ್ರಿಯೂ ತುಟಿ ಪಿಟಕ್ ಎನ್ನುವುದಿಲ್ಲ. ಗೋಡೆಯ ಆಚೆ ಗಂಡ ಹೆಂಡತಿಯ ಮಾತು ಕೇಳುತ್ತದೆ. ಒಮ್ಮೊಮ್ಮೆ ಆ ಮೂರನೆಯವನ ಹೆಸರು ಹೇಳಿ ನಗುವುದೂ ಕೇಳುತ್ತದೆ.

ನೀವು ನಂಬುವುದಿಲ್ಲ ಎಂದು ಗೊತ್ತು. ಆದರೆ ಅವನು ರಾತ್ರಿ ಕೆಲಸಕ್ಕೆ ಹೋಗಿಬಂದ ಮರುದಿನ ಬೆಳಗ್ಗೆ ಅಕ್ಕ ಆ ಚಪ್ಪಲಿ ಎತ್ತಿಕೊಂಡು ಬಾವಿಕಟ್ಟೆಗೆ ಹೋಗುತ್ತಾಳೆ. ತಿಕ್ಕಿ ತೊಳೆದು ತಂದು ಮತ್ತೆ ಅಲ್ಲೇ ಇಡುತ್ತಾಳೆ. ಅಡಿಯಲ್ಲಿ ಮಣ್ಣಿರುತ್ತದೆ. ಯಾವ ಬೀದಿಯಲ್ಲಿ ಅಗೆದರೋ ಆ ಬೀದಿಯ ಮಣ್ಣು. ಮೊನ್ನೆ ನಾನೂ ನೀರು ಹೊಯ್ಯಲು ಹೋಗಿದ್ದೆ. ಬಿಳಿ ಜೇಡಿಮಣ್ಣು. ನನ್ನ ಕೈಗೂ ಮೆತ್ತಿತು.